ಹರೆಯ, ಲಿಂಗ ನಿರೀಕ್ಷೆ ಮತ್ತು ಹೆತ್ತವರ ಸಂಬಂಧ (ಹಳೇ ಮೈಸೂರು ಪ್ರದೇಶ)

ಗಂಡುಮಗ ಹೀಗಿರಬೇಕು, ಹೆಣ್ಣುಮಗಳು ಹೀಗಿರಬೇಕು ಎಂಬ ಮನೆಯ ಹಾಗೂ ಊರಿನ ಕಟ್ಟುಪಾಡು ಹರೆಯದಲ್ಲಿ ಬಿಗಿಯಾಗುತ್ತದೆ. ಹೆತ್ತವರ ಮತ್ತು ಮಕ್ಕಳ ನಡುವಿನ ಸಲುಗೆ, ನಂಬಿಕೆಗಳೂ ಅದರೊಂದಿಗೆ ಬದಲಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷ ಹರೆಯದ ಅವಧಿ. ಈ ವಯಸ್ಸಿನಲ್ಲಿ ಲಿಂಗ ನಿರೀಕ್ಷೆಯ ಒತ್ತಡ ತೀವ್ರವಾಗುತ್ತದೆಂಬ ವಾದವನ್ನು ಸಂಶೋಧಕರಾದ ಜಾನ್ ಹಿಲ್ ಮತ್ತು ಮೇರಿ ಎಲೆನ್ ಲಿಂಚ್ 1983ರಲ್ಲಿ ಮಂಡಿಸಿದರು.

ಹಳೇ ಮೈಸೂರಿನಲ್ಲಿ ಮಗಳು ಹರೆಯವನ್ನೆಲ್ಲ ತವರಿನಲ್ಲಿ ಕಳೆಯುವುದೇ ಈಚಿನ ಸಂಗತಿ. ಮೈಸೂರು ಸಂಸ್ಥಾನ 1894ರಲ್ಲಿ ತಂದ ಕಟ್ಟಳೆ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, 50 ದಾಟಿದ ಗಂಡಸು 14 ವರ್ಷದೊಳಗಿನವಳನ್ನು ಮದುವೆಯಾಗುವುದನ್ನೂ ತಡೆಯಬೇಕಾಗಿತ್ತು ಎಂದರೆ ಆಗಿನ ಸ್ಥಿತಿ ತಿಳಿಯುತ್ತದೆ. 1978ರಲ್ಲಿ ದೇಶದಾದ್ಯಂತ ಹುಡುಗಿಯ ಮದುವೆ ವಯಸ್ಸು 18 ಆಯಿತು. ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೂ ಹುಡುಗಿಯರ ಮದುವೆಯ ವಯಸ್ಸು ಏರುತ್ತಿದ್ದುದನ್ನು ದಾಖಲಿಸಿತು. ಹಿಂದೆ ಅತ್ತೆಮನೆಯ ಪಾಲಾಗುತ್ತಿದ್ದ ಕಾವಲು ಹೀಗೆ ಅವ್ವನ ಹೆಗಲಿಗೆ ಬಂತು.

ಹುಡುಗಿ ದೊಡ್ಡವಳಾದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಅವಳನ್ನು ಕೂರಿಸಿ ಆರತಿ ಎತ್ತುತ್ತಾರೆ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ. ಇದರಲ್ಲಿ ನಿಜವಾದ ಅಕ್ಕರೆಯಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ಅದೇ ಶಾಸ್ತ್ರ ಊರಿಗೆಲ್ಲ ಸುದ್ದಿಯನ್ನೂ ಮುಟ್ಟಿಸುತ್ತದೆ. ಮರುದಿನದಿಂದ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು, ಜೋರಾಗಿ ನಗಬಾರದು. ‘ನಾಕು ಜನ ಏನಂದಾರು?’ ಜಾತ್ರೆಯಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದ ಅಪ್ಪ ಮಗಳೊಂದಿಗೆ ಮಾತು ಕಡಿಮೆ ಮಾಡುತ್ತಾನೆ. ಹೇಳಬೇಕಾದ್ದನ್ನು ಅವ್ವನಿಂದ ಹೇಳಿಸುತ್ತಾನೆ. ಬೈಗುಳವೆಲ್ಲ ಅವ್ವನ ಬಾಯಿಂದಲೇ ಬರುವುದರಿಂದ ಮಗಳ ಮುನಿಸೂ ಅವಳ ಮೇಲೆಯೇ.

ಮಗನಿಗೆ ಹೊರಗಿನ ಬಾಗಿಲು ತೆರೆದಿರುತ್ತದೆ, ಒಳಗಿನದು ಮುಚ್ಚುತ್ತದೆ. ‘ಗಂಡಸಾಗಿ ಅಳ್ತೀಯೇನೋ’ ಎಂದು ಕೇಳಿ ಬೆಳೆದವನು ಸೋಲನ್ನು, ಭಯವನ್ನು ಅಪ್ಪನ ಮುಂದೆ ಹೇಳಲಾರ. ಆ ತೆರೆದ ಬಾಗಿಲನ್ನು ಸ್ವಾತಂತ್ರ್ಯವೆಂದು ತಿಳಿಯುವುದು ತಪ್ಪು.

ನಂಜನಗೂಡು ರಸ್ತೆಯ ಮಂಡಕಳ್ಳಿಯಂಥ, ವಿಮಾನ ನಿಲ್ದಾಣ ಬಂದು ನಗರಕ್ಕೆ ಅಂಟಿಕೊಂಡ ಊರುಗಳಲ್ಲಿ ಮನೆಯ ಕಟ್ಟುಪಾಡು ಮತ್ತು ಹೊರಗಿನ ಬದುಕಿನ ನಡುವಿನ ಎಳೆದಾಟ ಹೆಚ್ಚು. ಓದು, ಕೆಲಸ ಮೈಸೂರಿನಲ್ಲಿ ಅಥವಾ ನಂಜನಗೂಡಿನ ಕಾರ್ಖಾನೆಗಳಲ್ಲಿ. ಮರ್ಯಾದೆಯ ಲೆಕ್ಕ ಮಾತ್ರ ಹಳ್ಳಿಯದು. 2006–07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆ 8ನೇ ತರಗತಿಯ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಲು ನೆರವಾಯಿತು. 2023ರ ಜೂನ್‌ನಲ್ಲಿ ಬಂದ, ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆಯಿಂದ ಬಸ್ ಚಾರ್ಜಿನ ನೆಪವೂ ಹೋಯಿತು. ಈಗ ಉಳಿದಿರುವ ತಕರಾರು, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀ ಎಂಬುದು.

ಗಂಡೆಂದು ಬೆಳೆಸಿದ ಮಗು ತಾನು ಹೆಣ್ಣೆಂದರೆ ಸಂಬಂಧವೇ ಕಡಿಯುವುದುಂಟು. ಹಳೇ ಮೈಸೂರಿನ ಆಚೆಯದಾದರೂ ಒಂದು ಉದಾಹರಣೆ: ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರನ್ನು ಹರೆಯದಲ್ಲಿ ಮನೆಯವರು ಯಲ್ಲಮ್ಮ ದೇವಿಯ ಜೋಗತಿ ದೀಕ್ಷೆಗೆ ಒಪ್ಪಿಸಿದರು. ಮುಂದೆ ಅವರು ಮನೆಯಿಂದ ದೂರವಾಗಿ ಬದುಕಬೇಕಾಯಿತು. ಅವರೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಮನೆಯ ಕಟ್ಟುಪಾಡು ಮಿತಿಮೀರಿದರೆ ಕಾನೂನಿನ ನೆರವೂ ಇದೆ. ಕರ್ನಾಟಕದ 2016ರ ತಿದ್ದುಪಡಿ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆಗೆ ಒತ್ತಾಯವಾದರೆ, ಮನೆಯಲ್ಲಿ ಹಿಂಸೆಯಾದರೆ ಮಕ್ಕಳೇ ನೇರವಾಗಿ 1098 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.