ಚರಂಡಿ ತೋಡಿದವರು, ಹಾಡಿಯಲ್ಲಿ ಉಳಿದವರು

ಕಾಲೇಜು ಓದಿದ ಬಹಳಷ್ಟು ಮಂದಿಯ ಹಳೆಯ ಟ್ರಂಕಿನಲ್ಲಿ ಎನ್ನೆಸ್ಸೆಸ್ ಶಿಬಿರದ ಪ್ರಮಾಣಪತ್ರವೊಂದು ಇರುತ್ತದೆ. ನಮ್ಮದೂ ಇದೆ. ಪದವಿ ತರಗತಿಯಲ್ಲಿದ್ದಾಗ ಕೃಷ್ಣರಾಜನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತು ದಿನ ಬಿಡಾರ ಹೂಡಿದ್ದೆವು. ಶಾಲೆಯ ಜಗಲಿಯ ಮೇಲೆ ಜಮಖಾನ ಹಾಸಿ ಮಲಗುವುದು, ನಸುಕಿನಲ್ಲೇ ಎದ್ದು ಪ್ರಭಾತಫೇರಿ, ಬಿಸಿಲೇರುವವರೆಗೆ ಶ್ರಮದಾನ, ಮಧ್ಯಾಹ್ನ ಯಾವುದಾದರೊಂದು ಇಲಾಖೆಯ ಅಧಿಕಾರಿಯ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಊರಿನ ನಡುಬೀದಿಯ ಉದ್ದಕ್ಕೂ ಚರಂಡಿ ತೋಡಿದೆವು. ಅಂಗೈಯಲ್ಲಿ ಎದ್ದ ಬೊಬ್ಬೆಗಳನ್ನು ಪರಸ್ಪರ ತೋರಿಸಿಕೊಂಡು ಹೆಮ್ಮೆಪಟ್ಟದ್ದೂ ಉಂಟು. ಕೊನೆಯ ದಿನ ಸಾಮಾನು ಲಾರಿಗೆ ಹೇರುತ್ತಿದ್ದಾಗ ಬೀದಿಯ ತುದಿಯ ಮನೆಯ ಅಜ್ಜಿ ಬಂದು ನಿಂತರು. “ಚರಂಡಿ ತೋಡಿದ್ರಿ, ಒಳ್ಳೇದಾಯ್ತು ಕಣ್ರಪ್ಪಾ. ನೀರು ಎಲ್ಲಿಗೆ ಹೋಗ್ಬೇಕು ಅಂತ ಯಾರನ್ನಾದ್ರೂ ಕೇಳಿದ್ರಾ?” ಎಂದರು. ಚರಂಡಿಯ ಕೊನೆ ಅವರ ಹಿತ್ತಲಿಗೇ ಬಂದು ನಿಂತಿತ್ತು. ನಮ್ಮಲ್ಲಿ ಉತ್ತರವಿರಲಿಲ್ಲ. ಲಾರಿ ಹತ್ತಿದೆವು.

ವಿದ್ಯಾರ್ಥಿಗಳ ಸಮಾಜಸೇವೆಯ ಚರಿತ್ರೆಯನ್ನು ನೋಡುವಾಗಲೆಲ್ಲ ಆ ಪ್ರಶ್ನೆ ಎದುರಿಗೆ ಬರುತ್ತದೆ.

ಈ ಚರಿತ್ರೆ ಎನ್ನೆಸ್ಸೆಸ್‌ಗಿಂತ ಹಳೆಯದು. 1940ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಅಕ್ಷರ ಪ್ರಚಾರಕ್ಕೆ ಹೊರಟಿದ್ದರು. ಆ ಉತ್ಸಾಹದ ಬೆನ್ನಿಗೇ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿಯು ಮುಂದೆ ‘ಬೆಳಕು’ ಎಂಬ ವಾರಪತ್ರಿಕೆಯನ್ನು ನಡೆಸಿತು. 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠವನ್ನೂ ತೆರೆಯಿತು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿ ಅದರ ಹಿಂದಿತ್ತು. ಪೇಟೆಯವರು ಹಳ್ಳಿಗೆ ಹೋಗಿ ಕಲಿಸಿ ಬರುವುದಕ್ಕಿಂತ, ಹಳ್ಳಿಯವರೇ ಜೊತೆಯಲ್ಲಿದ್ದು ಕಲಿತು ತಮ್ಮೂರಿಗೆ ಮರಳಲಿ ಎಂಬ ಆಲೋಚನೆ ನಮ್ಮ ಜಿಲ್ಲೆಯಲ್ಲೇ ಅಷ್ಟು ಹಿಂದೆ ಮೊಳೆತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಸಮಿತಿಗಳ ಕಾಲ. ರಾಧಾಕೃಷ್ಣನ್ ಆಯೋಗವು ವಿದ್ಯಾರ್ಥಿಗಳ ಸೇವೆ ಸ್ವಇಚ್ಛೆಯಿಂದ ನಡೆಯಲಿ ಎಂದಿತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿಯು ಅದು ಕಡ್ಡಾಯವಾಗಲಿ ಎಂದಿತು. ಕೊಠಾರಿ ಆಯೋಗವು ಶಿಕ್ಷಣದ ಎಲ್ಲ ಹಂತಗಳಲ್ಲೂ ಸಮಾಜಸೇವೆ ಇರಲಿ ಎಂದಿತು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅಂದು ನಮ್ಮ ಬಳ್ಳಾರಿಯ ಲೋಕಸಭಾ ಸದಸ್ಯರಾಗಿದ್ದರು ಎಂಬುದನ್ನು ಕನ್ನಡಿಗರು ಮರೆತೇಬಿಟ್ಟಂತಿದೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಅದರ ಜೊತೆಗೊಂದು ವಿಶೇಷ ಶಿಬಿರ ಎಂಬುದು ನಿಯಮ. 1973ರಲ್ಲಿ ಶಿಬಿರಗಳ ವಿಷಯ ಬರಗಾಲವಾಗಿತ್ತು. ಆಮೇಲೆ ಕೊಳಕು ಮತ್ತು ರೋಗ, ಗಿಡ ನೆಡುವುದು, ಗ್ರಾಮ ಪುನರ್ನಿರ್ಮಾಣ ಹೀಗೆ ವಿಷಯಗಳು ಬದಲಾದವು. ವಿಷಯ ದೆಹಲಿಯಿಂದ ಬರುತ್ತಿತ್ತು, ಸಲಿಕೆ ಪಂಚಾಯಿತಿಯಿಂದ. ಅಜ್ಜಿಯ ಪ್ರಶ್ನೆಗೆ ಆ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ.

ಹಾಗೆಂದು ಎನ್ನೆಸ್ಸೆಸ್ಸನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಬೇರೆ ಬೇರೆ ಜಾತಿ, ಧರ್ಮದ ಹುಡುಗರು ಒಂದೇ ಹಂಡೆಯ ಅನ್ನ ಉಂಡು, ಒಂದೇ ಜಗಲಿಯಲ್ಲಿ ಮಲಗಿದ್ದು ಅನೇಕರ ಬದುಕಿನಲ್ಲಿ ಅದೇ ಮೊದಲು. ಆದರೆ ಅದರಿಂದ ಲಾಭವಾದದ್ದು ನಮಗೆ. ಹಳ್ಳಿಗೆ ಏನಾಯಿತು ಎಂಬುದು ಬೇರೆ ಮಾತು.

ಇದಕ್ಕೆ ಉತ್ತರ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಕೃಷ್ಣರಾಜನಗರದಿಂದ ಹುಣಸೂರು ದಾಟಿ ಹೆಗ್ಗಡದೇವನಕೋಟೆಯತ್ತ ಸಾಗಿದರೆ ಸಾಕು. ಎರಡು ತಾಲ್ಲೂಕುಗಳೂ ಒಂದೇ ಜಿಲ್ಲೆಯವು, ಚರಿತ್ರೆ ಮಾತ್ರ ಬೇರೆ ಬೇರೆ. ಕಾವೇರಿ ದಂಡೆಯ ಎಡತೊರೆಗೆ ನೆರೆಯ ಕಾಟ ತಾಳದಾದಾಗ, 1920ರ ದಶಕದಲ್ಲಿ ಎತ್ತರದ ಜಾಗದಲ್ಲಿ ನೇರ ಬೀದಿಗಳ ಹೊಸ ಊರು ಎದ್ದಿತು, ಅದಕ್ಕೆ ಅರಸರ ಹೆಸರಿಟ್ಟರು. ಅದೇ ಇಂದಿನ ಕೃಷ್ಣರಾಜನಗರ. ನಾಲೆಗಳ ನೀರುಂಡು ಅದು ಭತ್ತದ ಕಣಜವಾಯಿತು. ಕೋಟೆಯ ಕಡೆ ಹಾಗಾಗಲಿಲ್ಲ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಾಗ ಹಳ್ಳಿಗಳು ಮುಳುಗಿದವು. ಬಂಡೀಪುರ, ನಾಗರಹೊಳೆಗಳಲ್ಲಿ ಕಾಡನ್ನು ಕಾಪಾಡುವ ಹೆಸರಿನಲ್ಲಿ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳು ತಮ್ಮ ಹಾಡಿಗಳಿಂದ ಹೊರಬಿದ್ದವು. ಅವರಿಗೆ ನೇರ ಬೀದಿಗಳ ಊರನ್ನು ಯಾರೂ ಕಟ್ಟಿಕೊಡಲಿಲ್ಲ.

1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸೇರಿ ಒಂದು ಸಂಸ್ಥೆ ಕಟ್ಟಿದರು. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳು. ಹೆಸರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಆರಂಭದ ಕೆಲಸ ಯಾವ ಕಾಲೇಜು ಹುಡುಗರೂ ಮಾಡಬಹುದಾದಷ್ಟು ಸರಳ. ಔಷಧಿ ಕಂಪನಿಗಳು ವೈದ್ಯರಿಗೆ ಕೊಡುವ ಸ್ಯಾಂಪಲ್ ಮಾತ್ರೆಗಳನ್ನು ಕೂಡಿಸಿ ಬಡ ರೋಗಿಗಳಿಗೆ ಹಂಚುವುದು, ರಕ್ತದಾನಕ್ಕೆ ಜನರನ್ನು ಒಪ್ಪಿಸುವುದು, ರಜಾದಿನ ಸುತ್ತಲಿನ ಹಳ್ಳಿಗಳಲ್ಲಿ ತಪಾಸಣೆ. ಇಷ್ಟಕ್ಕೇ ನಿಂತಿದ್ದರೆ ಇದೂ ಇನ್ನೊಂದು ಶಿಬಿರದ ಕತೆಯಾಗುತ್ತಿತ್ತು, ನಾವು ಅದನ್ನು ಬರೆಯುತ್ತಲೂ ಇರಲಿಲ್ಲ.

ಪದವಿ ಕೈಗೆ ಬಂದ ಮೇಲೆ, 1987ರಲ್ಲಿ, ಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಯಲ್ಲಿ ಸಣ್ಣದೊಂದು ಚಿಕಿತ್ಸಾಲಯ ಆರಂಭವಾಯಿತು. ಉನ್ನತ ವ್ಯಾಸಂಗ, ನಗರದ ಆಸ್ಪತ್ರೆ, ಹೊರದೇಶ ಎಂಬ ದಾರಿಗಳು ಯಾವ ಯುವ ವೈದ್ಯನ ಮುಂದೆಯೂ ಇರುತ್ತವೆ. ಆ ದಾರಿ ಹಿಡಿಯುವವರನ್ನು ದೂರುವುದು ಸರಿಯಲ್ಲ, ಮನೆಯ ಹೊಣೆ ಎಲ್ಲರಿಗೂ ಇರುತ್ತದೆ. ಆದರೆ ಕೆಲವರು ಉಳಿದರು. ಉಳಿದದ್ದರಿಂದಲೇ ಹಾಡಿಯನ್ನು ಕಾಣುವುದು ಸಾಧ್ಯವಾಯಿತು. ಹತ್ತು ದಿನಕ್ಕೆ ಬಂದವನಿಗೆ ಕಾಣುವುದು ಮಗುವಿನ ಜ್ವರ. ಮಳೆಗಾಲ, ಬೇಸಿಗೆ ಎರಡನ್ನೂ ಕಂಡವನಿಗೆ ಆ ಮನೆಯಲ್ಲಿ ಯಾವ ತಿಂಗಳು ರಾಗಿ ಮುಗಿಯುತ್ತದೆ, ಯಾವಾಗ ಮನೆಮಂದಿಯೆಲ್ಲ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ, ಮಗು ಯಾಕೆ ಶಾಲೆಯ ಮೆಟ್ಟಿಲು ಹತ್ತಿಲ್ಲ ಎಂಬುದೂ ಕಾಣುತ್ತದೆ. ಮಾತ್ರೆ ಕೊಡಲು ಹೋದವರು ಮರುವರ್ಷವೇ, 1988ರಲ್ಲಿ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗಾಗಿ ಶಾಲೆ ತೆರೆದರು. ಅದು ಶುರುವಾದದ್ದು ದನದ ಕೊಟ್ಟಿಗೆಯಲ್ಲಿ. ಕೆಂಚನಹಳ್ಳಿ, ಸರಗೂರಿನ ಆಸ್ಪತ್ರೆಗಳು ಆ ಹಾದಿಯಲ್ಲೇ ಬಂದವು. ಈಗ ಅದು ಸಂಬಳದ ನೌಕರರಿರುವ ದೊಡ್ಡ ಸಂಸ್ಥೆ, ಬಾಲಸುಬ್ರಹ್ಮಣ್ಯಂ ಅವರು 2021ರಲ್ಲಿ ಕೇಂದ್ರ ಸರ್ಕಾರದ ಸಾಮರ್ಥ್ಯವರ್ಧನಾ ಆಯೋಗದ ಸದಸ್ಯರೂ ಆದರು. ದೊಡ್ಡದಾದ ಮೇಲಿನ ಕತೆಗಿಂತ ಆ ಕೊಟ್ಟಿಗೆಯ ಕಾಲವೇ ನಮಗೆ ಮುಖ್ಯವೆನಿಸುತ್ತದೆ. ಏಕೆಂದರೆ ಕೊಟ್ಟಿಗೆಯೊಂದು ಯಾವ ಊರಿನಲ್ಲಾದರೂ ಸಿಕ್ಕೀತು.

ಕೇಳುವ ಕೆಲಸವನ್ನು ಕಾಲೇಜುಗಳು ಇನ್ನೊಂದು ಬಗೆಯಲ್ಲೂ ಮಾಡಬಹುದು. ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಯನ್ನು ತಿಳಿಯಲು ಹೈಕೋರ್ಟು ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಝಫ್ಫರ್ ಅಸ್ಸಾದಿ ಅಧ್ಯಕ್ಷರಾಗಿದ್ದರು. 2014ರಲ್ಲಿ ಬಂದ ಅದರ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದಿತು. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಹಾಡಿಯೆಂದರೆ ಏನೆಂದು ತಿಳಿಯದ ಪದವಿ ವಿದ್ಯಾರ್ಥಿಗೆ ಆ ವರದಿಯನ್ನು ಓದಿಸುವುದೂ ಸೇವೆಯ ಪಾಠವೇ ಆದೀತು.

ಇಂದಿನ ಅಗತ್ಯ ಚರಂಡಿಯದಲ್ಲ. ಹುಣಸೂರು ತಾಲ್ಲೂಕಿನವರೇ ಆದ ದೇವರಾಜ ಅರಸು ಅವರ ಆಡಳಿತದ ಕಾಲದಿಂದ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಬೆಳೆದವು. ಮನೆಯಲ್ಲಿ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿ ದಾಟಿದ ಮಕ್ಕಳು ಅಲ್ಲಿಂದಲೇ ಹೊರಬಂದರು. ಅಂಥ ಹುಡುಗಿಗೆ ಅನ್ನ, ಹಾಸಿಗೆ ಸಿಕ್ಕರೂ ಒಂದು ಸಿಗುವುದಿಲ್ಲ. ವಿಜ್ಞಾನ ತೆಗೆದುಕೊಳ್ಳಲೋ ಕಲೆಯೋ, ಡಿಪ್ಲೊಮಾ ಎಂದರೇನು, ವಿದ್ಯಾರ್ಥಿವೇತನದ ಅರ್ಜಿಗೆ ಯಾವ ಪ್ರಮಾಣಪತ್ರ ಬೇಕು, ಇಂಗ್ಲಿಷಿನಲ್ಲಿ ಫೇಲಾದರೆ ಲೋಕ ಮುಗಿಯಿತೇ ಎಂದು ಕೇಳಲು ಓದಿದ ಅಣ್ಣನೋ ಅಕ್ಕನೋ ಅವಳ ಮನೆಯಲ್ಲಿಲ್ಲ. ಅಪ್ಪ ಅಮ್ಮನಿಗೆ ಇದು ತಿಳಿಯದು, ವಾರ್ಡನ್‌ಗೆ ಬಿಡುವಿಲ್ಲ. ಇದನ್ನು ಹೇಳಲು ವಿದ್ವಾಂಸರು ಬೇಡ. ಎರಡು ವರ್ಷದ ಹಿಂದೆ ಅದೇ ದಾರಿಯಲ್ಲಿ ಎಡವಿ ಬಂದ ಪದವಿ ವಿದ್ಯಾರ್ಥಿ ಸಾಕು.

ಹಳೆಯ 120 ಗಂಟೆಗಳ ನಿಯಮವನ್ನೇ ತೆಗೆದುಕೊಳ್ಳಿ. ವಾರಕ್ಕೆ ಮೂರು ಗಂಟೆಯಂತೆ ಲೆಕ್ಕ ಹಾಕಿದರೆ ನಲವತ್ತು ವಾರವಾಗುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ಶಾಲಾ ವರ್ಷ. ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ವಿದ್ಯಾರ್ಥಿನಿಲಯ, ಒಬ್ಬ ವಿದ್ಯಾರ್ಥಿಗೆ ಇಬ್ಬರು ಮೂವರು ಮಕ್ಕಳು, ಶನಿವಾರ ಮಧ್ಯಾಹ್ನ. ಹೆಣ್ಣುಮಕ್ಕಳ ನಿಲಯಕ್ಕೆ ವಿದ್ಯಾರ್ಥಿನಿಯರೇ ಹೋಗಲಿ, ಜೊತೆಗೊಬ್ಬ ಅಧ್ಯಾಪಕಿ ಇರಲಿ. ಖರ್ಚೆಂದರೆ ಚಹಾದ್ದು. ಕಷ್ಟವಿರುವುದು ಬೇರೆ ಕಡೆ: ಫೋಟೋ ತೆಗೆಸಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ, ಉದ್ಘಾಟನೆಗೆ ಗಣ್ಯರನ್ನು ಕರೆಯುವಂತಿಲ್ಲ, ಪರೀಕ್ಷೆಯ ತಿಂಗಳಲ್ಲೂ ತಪ್ಪಿಸುವಂತಿಲ್ಲ. ಬೇಸಿಗೆ ರಜೆ ಕಳೆದು ಜೂನ್‌ನಲ್ಲಿ ನಿಲಯದ ಬಾಗಿಲು ತೆರೆದಾಗ, ಹೋದ ವರ್ಷ ಬರುತ್ತಿದ್ದ ಅದೇ ಅಕ್ಕ ಮತ್ತೆ ಬಂದಿದ್ದಾಳೆಯೇ ಎಂದು ಆ ಹುಡುಗಿ ನೋಡುತ್ತಾಳೆ.