ಜ್ವಾಲಾವರ್ಣವೂ ವರ್ಣರೇಖೆಯೂ

ಲೋಹಗಳನ್ನು ಜ್ವಾಲೆಯ ಬಣ್ಣದಿಂದ ಗುರುತಿಸುವ ಕ್ರಮವು ಭಾರತೀಯ ರಸಶಾಸ್ತ್ರಜ್ಞರಿಗೆ ಅಪರಿಚಿತವಾಗಿರಲಿಲ್ಲ. ಸುಮಾರು 12ನೆಯ ಶತಮಾನದ್ದೆಂದು ಪ್ರಫುಲ್ಲಚಂದ್ರ ರಾಯರು ಎಣಿಸಿದ ‘ರಸಾರ್ಣವ’ದಲ್ಲಿ ತಾಮ್ರದ ಜ್ವಾಲೆ ನೀಲವೆಂದೂ, ತವರದ್ದು ಪಾರಿವಾಳದ ಬಣ್ಣವೆಂದೂ, ಕಬ್ಬಿಣದ್ದು ಕಪಿಲವೆಂದೂ ಹೇಳಿದೆ. ಇಷ್ಟರಿಂದಲೇ ಆಧುನಿಕ ವರ್ಣಪಟಲ ವಿಶ್ಲೇಷಣವು ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಬಹುದೇ ಎಂಬುದು ವಿಚಾರಾರ್ಹವಾದ ವಿಷಯ.

ಜ್ವಾಲಾವರ್ಣವನ್ನು ಹೇತುವಾಗಿಟ್ಟು ದ್ರವ್ಯವನ್ನು ಅನುಮಾನಿಸುವಲ್ಲಿ ವ್ಯಭಿಚಾರದೋಷವುಂಟು. ಲಿಥಿಯಂ, ಸ್ಟ್ರಾಂಷಿಯಂ ಎರಡರ ಲವಣಗಳೂ ಜ್ವಾಲೆಗೆ ಕೆಂಪನ್ನೇ ಕೊಡುತ್ತವೆ. ಜರ್ಮನಿಯ ಮಾರ್ಗ್ರಾಫನು 1758ರಲ್ಲಿ ಸೋಡಿಯಂ ಲವಣಗಳನ್ನು ಹಳದಿಯಿಂದಲೂ ಪೊಟ್ಯಾಸಿಯಂ ಲವಣಗಳನ್ನು ನಸುನೇರಳೆಯಿಂದಲೂ ಗುರುತಿಸಿದನು. ಆದರೆ ಎರಡೂ ಬೆರೆತಲ್ಲಿ ಹಳದಿಯು ನೇರಳೆಯನ್ನು ಮರೆಮಾಡುತ್ತದೆ.

ಈ ದೋಷವನ್ನು ಪರಿಹರಿಸಿದುದು ಉಪಕರಣ. 1855ರ ಸುಮಾರಿಗೆ ಹೈಡೆಲ್‌ಬರ್ಗಿನಲ್ಲಿ ಬುನ್‌ಸೆನ್ನನ ಪ್ರಯೋಗಶಾಲೆಯಲ್ಲಿ ಸಿದ್ಧವಾದ ದೀಪದ ಜ್ವಾಲೆಗೆ ಸ್ವಂತ ಬಣ್ಣವು ಬಹು ಅಲ್ಪವಾಗಿತ್ತು. ಬೆರೆತ ಬಣ್ಣಗಳನ್ನು ಬಣ್ಣದ ಗಾಜುಗಳ ಮೂಲಕ ನೋಡಿ ವಿಂಗಡಿಸಲು ಅವನು ಯತ್ನಿಸುತ್ತಿದ್ದಾಗ, ಮಿತ್ರನಾದ ಕಿರ್ಖಾಫನು ಗಾಜಿನ ಪಟ್ಟಕವನ್ನು ಬಳಸುವಂತೆ ಸೂಚಿಸಿದನು. ಕಿರಿದಾದ ಸೀಳಿನ ಮೂಲಕ ಬಂದ ಬೆಳಕು ಪಟ್ಟಕದಲ್ಲಿ ಬಾಗಿ ಬೇರೆಬೇರೆ ರೇಖೆಗಳಾಗಿ ಹರಡಿತು. ಒಂದೊಂದು ರೇಖೆಯ ಸ್ಥಾನವನ್ನೂ ಅಳತೆಪಟ್ಟಿಯ ಮೇಲೆ ಓದಲು ಸಾಧ್ಯವಾಯಿತು. ಬಣ್ಣವು ಹಲವಕ್ಕೆ ಸಾಧಾರಣವಾಗಿರಬಹುದು; ಆದರೆ ಒಂದು ಮೂಲವಸ್ತುವಿನ ರೇಖಾಸಮೂಹವು ಮತ್ತೊಂದಕ್ಕೆ ಇರುವುದಿಲ್ಲ. ಹೀಗೆ ಸವ್ಯಭಿಚಾರವಾಗಿದ್ದ ಹೇತುವು ಸದ್ಧೇತುವಾಯಿತು.

ಇದರ ಬಲವು ಬೇಗನೆ ಪ್ರಕಟವಾಯಿತು. 1860ರಲ್ಲಿ ಡ್ಯೂರ್ಖೈಮಿನ ಬುಗ್ಗೆಯ ನೀರಿನಲ್ಲಿ ಎರಡು ಅಪೂರ್ವ ನೀಲರೇಖೆಗಳು ಕಂಡುವು. ಅವುಗಳಿಂದ ಸೀಸಿಯಂ ಗೊತ್ತಾಯಿತು. ಅದರ ಲವಣವನ್ನು ಕೆಲವೇ ಗ್ರಾಂ ಪಡೆಯಲು ಸುಮಾರು 44,000 ಲೀಟರ್ ನೀರನ್ನು ಇಂಗಿಸಬೇಕಾಯಿತು. ಮರುವರ್ಷವೇ ಕೆಂಪು ರೇಖೆಗಳಿಂದ ರುಬಿಡಿಯಂ ತಿಳಿದುಬಂದಿತು. 1863ರಲ್ಲಿ ಫ್ರೈಬರ್ಗಿನ ರೈಖನು ಬಣ್ಣಗಳನ್ನು ವಿವೇಚಿಸಲಾರದವನಾದುದರಿಂದ ಸಹಾಯಕ ರಿಖ್ಟರನಿಂದ ನೋಡಿಸಿದನು. ಕಂಡ ನೀಲಿಯ ರೇಖೆಯಿಂದಲೇ ಇಂಡಿಯಂ ಎಂಬ ಹೆಸರು ಬಂದಿತು. ಮುಂದೆ ಛಾಯಾಚಿತ್ರದ ಫಲಕವೂ ವಿದ್ಯುತ್ಸಾಧನಗಳೂ ಕಣ್ಣಿನ ಕೆಲಸವನ್ನು ವಹಿಸಿಕೊಂಡುವು. 1955ರಲ್ಲಿ ಆಸ್ಟ್ರೇಲಿಯದ ವಾಲ್ಷನು ಪರಮಾಣುಗಳು ಹೀರುವ ಬೆಳಕನ್ನು ಅಳೆದು ಲೋಹದ ಪ್ರಮಾಣವನ್ನು ನಿರ್ಧರಿಸುವ ಕ್ರಮವನ್ನು ನಿರೂಪಿಸಿದನು.

ಇದರಿಂದ ಸಿದ್ಧವಾಗುವುದೇನೆಂದರೆ, ‘ರಸಾರ್ಣವ’ದಲ್ಲಿರುವುದು ವರ್ಣದರ್ಶನ, ಹೈಡೆಲ್‌ಬರ್ಗಿನಲ್ಲಿ ನಡೆದುದು ಸ್ಥಾನಮಾಪನ. ಮೊದಲನೆಯದಿಲ್ಲದೆ ಎರಡನೆಯದರ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದರೂ ಮೊದಲನೆಯದೇ ಎರಡನೆಯದಲ್ಲ. ಕುಲುಮೆಯ ಮುಂದೆ ಕುಳಿತು ಜ್ವಾಲೆಯ ಭೇದಗಳನ್ನು ಗಮನಿಸಿ ಬರೆದಿಟ್ಟ ರಸಶಾಸ್ತ್ರಜ್ಞನ ಸೂಕ್ಷ್ಮದೃಷ್ಟಿಯೇ ಅವನಿಗೆ ಸಾಕಾದ ಕೀರ್ತಿ. ಅವನು ಮಾಡದುದನ್ನು ಅವನ ಮೇಲೆ ಆರೋಪಿಸಿದರೆ, ಮಾಡಿದುದೂ ಸಂಶಯಕ್ಕೆ ಗುರಿಯಾಗುತ್ತದೆ.