ವಿದ್ಯಾರ್ಥಿಗಳ ಗಮನಾಗಮನವೂ ಸಂಸ್ಕೃತಿಯ ಪರಿಜ್ಞಾನವೂ

ವಿದ್ಯೆಯನ್ನರಸಿ ಒಂದು ನಾಡಿನವರು ಮತ್ತೊಂದು ನಾಡಿಗೆ ಹೋಗುವುದನ್ನೂ, ಅಲ್ಲಿಯವರು ಇಲ್ಲಿಗೆ ಬರುವುದನ್ನೂ, ಹೀಗೆ ಪರಸ್ಪರರ ಆಚಾರವಿಚಾರಗಳು ತಿಳಿದುಬರುವುದನ್ನೂ ಈಚಿನ ವಿದ್ಯಾಸಂಸ್ಥೆಗಳವರು ಹೊಸದೊಂದು ಪದ್ಧತಿಯೆಂಬಂತೆ ವರ್ಣಿಸುತ್ತಿರುವರು. ವಿದೇಶದ ಶಾಲೆಗಳೊಡನೆ ವಿದ್ಯಾರ್ಥಿ ವಿನಿಮಯವನ್ನು ಏರ್ಪಡಿಸಿಕೊಳ್ಳುವುದು ಒಳ್ಳೆಯದೇ ಸರಿ. ಆದರೆ ಪದ್ಧತಿಯು ಹೊಸದಲ್ಲ. ಅದರ ಹಳೆಯ ರೂಪವನ್ನು ಬಲ್ಲವರಿಗೆ ಹೊಸ ರೂಪದಲ್ಲಿ ಏನು ಕೊರತೆಯಾಗಿರುವುದೆಂಬುದು ತಾನಾಗಿಯೇ ಕಾಣುವುದು. ಮಠದ ಈ ಮಹೋತ್ಸವದ ಸಂದರ್ಭದಲ್ಲಿ ಆ ವಿಷಯವನ್ನು ಸದ್ಭಕ್ತರ ಮುಂದಿಡಲು ಅಪೇಕ್ಷಿಸುತ್ತೇನೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕೋಡಿಯ ಮಠವೆಂಬ ಕಾಳಾಮುಖ ಶೈವಮಠವಿದ್ದಿತು. ಕ್ರಿ. ಶ. ೧೧೬೨ರ, ಎಂದರೆ ಬಸವಣ್ಣನವರು ಯಾರ ಬಳಿಯಲ್ಲಿ ಅಧಿಕಾರದಲ್ಲಿದ್ದರೋ ಆ ಬಿಜ್ಜಳನ ಕಾಲದ, ಶಾಸನವೊಂದು ಈ ಮಠದ ವರ್ಣನೆಯನ್ನು ಸವಿಸ್ತಾರವಾಗಿ ಮಾಡಿರುವುದು. ಅಲ್ಲಿ ನಾಲ್ಕು ವೇದಗಳ ಸಾಂಗಾಧ್ಯಯನ ನಡೆಯುತ್ತಿದ್ದಿತು. ಪಾಣಿನೀಯದೊಡನೆ ಕೌಮಾರ ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿದ್ದಿತು. ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕಗಳಿಗೂ ಸ್ಥಾನವಿದ್ದಿತು. ದೀನರಿಗೂ ಅಂಧರಿಗೂ ಬಧಿರರಿಗೂ ಅನ್ನದಾನ, ರೋಗಿಗಳಿಗೆ ಔಷಧೋಪಚಾರ ಇವೂ ಉಂಟು. ಇವೆಲ್ಲಕ್ಕಿಂತ ನಾವು ಗಮನಿಸತಕ್ಕದ್ದು ಬೇರೊಂದಿದೆ. ಶೈವಮಠದಲ್ಲಿ ಬೌದ್ಧ ದರ್ಶನವನ್ನು ಪಾಠ ಹೇಳುತ್ತಿದ್ದರು. ಕ್ಷಪಣಕರಿಗೂ ಏಕದಂಡಿ ತ್ರಿದಂಡಿಗಳಿಗೂ ಅಲ್ಲಿ ಆಶ್ರಯವಿದ್ದಿತು. ತಮ್ಮ ಮತವನ್ನು ಒಪ್ಪದವನ ಮತವನ್ನು ತಮ್ಮ ಮನೆಯಲ್ಲಿಯೇ ಓದಿಸುವುದು ಸಾಮಾನ್ಯವಾದ ಧೈರ್ಯವಲ್ಲ. ತನ್ನದನ್ನು ಚೆನ್ನಾಗಿ ಬಲ್ಲವನಿಗೆ ಮಾತ್ರ ಅದು ಸಾಧ್ಯ.

ಕಲ್ಯಾಣದ ಅನುಭವಮಂಟಪದ ವಿಷಯವನ್ನು ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ, ಆದಯ್ಯನವರು ಸೌರಾಷ್ಟ್ರದಿಂದಲೂ, ಮರುಳಶಂಕರದೇವರು ಅಫಘಾನಿಸ್ತಾನದ ಕಡೆಯಿಂದಲೂ ಬಂದರೆಂದು ಪರಂಪರೆಯು ಹೇಳುವುದು. ಬಂದವರು ಕೇಳಿ ಹೋದವರಲ್ಲ. ಪ್ರಶ್ನೆ ಮಾಡಿದರು, ಪ್ರಶ್ನೆಗೆ ಗುರಿಯಾದರು, ಕನ್ನಡದಲ್ಲಿಯೇ ನುಡಿದರು.

ಆಮೇಲಿನ ಶತಮಾನಗಳನ್ನು ದಾಟಿ ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಎದುರಾಗುವರು. ಅವರು ಬಂದುದು ತಮ್ಮ ಮತಪ್ರಚಾರಕ್ಕಾಗಿ. ಇದನ್ನು ಮರೆಮಾಚುವುದು ಬೇಡ. ಆದರೂ ಕಲಿಸಬಂದವರು ಕಲಿಯತೊಡಗಿದರು. ಮೋಗ್ಲಿಂಗ್ ಪಂಡಿತನು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಸೇರಿದ್ದಿತು. ವ್ಯೂರ್ತ್ ಎಂಬವನು ಅದನ್ನು ೧೮೬೦ರ ದಶಕದಲ್ಲಿ ಆಂಗ್ಲಭಾಷೆಗೆ ತಂದನು. ೧೮೫೩ರಲ್ಲಿ ಬಂದ ಕಿಟ್ಟೆಲ್ ಮಹಾಶಯನ ನಿಘಂಟು ೧೮೯೪ರಲ್ಲಿ ಹೊರಬಿದ್ದಿತು; ಅದನ್ನು ತೆರೆಯದೆ ಹಳಗನ್ನಡವನ್ನು ಓದುವ ಪಂಡಿತರು ಇಂದಿಗೂ ವಿರಳ.

ಇತ್ತ ನಮ್ಮವರೂ ಹೊರಟರು. ನಂದೀಮಠ ಅವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ವೀರಶೈವ ಮತದ ಕೈಪಿಡಿಯನ್ನು ೧೯೪೨ರಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿದರು. ಮೈಸೂರಿನಲ್ಲಿ ಹುಟ್ಟಿ ಅಮೇರಿಕೆಯ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರ ವಚನಾನುವಾದವು ೧೯೭೩ರಲ್ಲಿ ಬಂದ ಮೇಲೆ ಅಕ್ಕನೂ ಅಲ್ಲಮನೂ ಅಲ್ಲಿಯ ತರಗತಿಗಳಿಗೆ ಪ್ರವೇಶಿಸಿದರು.

ಇನ್ನು ನಮ್ಮ ಮನೆಯ ಬಾಗಿಲಿನ ಸಂಗತಿಯೊಂದುಂಟು. ಗುತ್ತಲಿನ ಭಕ್ತರು ಇದನ್ನು ತಮ್ಮದೆಂದು ಕೇಳಬೇಕು. ೧೯೫೪ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ಯಾರ್ಥಿನಿಯು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಮಂಡ್ಯದ ಸೀಮೆಗೆ ಬಂದಳು. ವಿಯೆನ್ನಾ ನಗರದ ಯೆಹೂದ್ಯ ಮನೆತನದಲ್ಲಿ ೧೯೨೨ರಲ್ಲಿ ಹುಟ್ಟಿ, ಹಿಟ್ಲರನ ಹಾವಳಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡನ್ನು ಸೇರಿದ್ದವಳು ಆಕೆ. ಇಲ್ಲಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿ, ಊರವರ ಮಾನಕ್ಕೆ ಕುಂದು ಬರದಂತೆ ಅವುಗಳ ನಿಜನಾಮವನ್ನು ಮುಚ್ಚಿ, ವಂಗಲ, ದಲೇನ ಎಂದು ಕಲ್ಪಿತ ಹೆಸರುಗಳನ್ನಿಟ್ಟು ೧೯೬೨ರಲ್ಲಿ ಗ್ರಂಥವನ್ನು ಪ್ರಕಟಿಸಿದಳು. ಮೊದಲನೆಯ ಊರಿಗೆ ಕೃಷ್ಣರಾಜಸಾಗರದ ನಾಲೆಯ ನೀರು ಬಂದಿತು; ಎರಡನೆಯದು ಎತ್ತರದಲ್ಲಿದ್ದುದರಿಂದ ಒಣಭೂಮಿಯಾಗಿಯೇ ಉಳಿಯಿತು. ನೀರು ಬಂದ ಊರು ಸಂಪದ್ಭರಿತವಾಗಿ ಹಳೆಯ ನಡೆನುಡಿಗಳನ್ನು ಬಿಗಿಯಾಗಿ ಹಿಡಿದುಕೊಂಡಿತೆಂದೂ, ನೀರು ಬಾರದ ಊರಿನವರು ಮಂಡ್ಯದ ಉದ್ಯೋಗ ವ್ಯಾಪಾರಗಳ ಕಡೆಗೆ ಕೈಚಾಚಿದುದರಿಂದ ಅಲ್ಲಿಯೇ ಕಟ್ಟುಪಾಡುಗಳು ಹೆಚ್ಚಾಗಿ ಸಡಿಲಿದವೆಂದೂ ಆಕೆಯ ನಿರ್ಣಯ. ೧೯೩೩ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯ ಹೊಗೆಯನ್ನು ದಿನವೂ ನೋಡುತ್ತಿದ್ದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಹೀಗೆ ಯೋಚಿಸಿದ್ದರೋ! ಆಕೆಯು ೧೯೭೦ರಲ್ಲಿ ಮರಳಿ ಬಂದಳು. ೧೯೯೮ರಲ್ಲಿ ಸೂರ್ಯನಾರಾಯಣ, ತಿಮ್ಮೇಗೌಡ ಎಂಬ ಕನ್ನಡಿಗರಿಬ್ಬರೊಡನೆ ಕೂಡಿ ನಲವತ್ತು ವರ್ಷಗಳ ಪರಿವರ್ತನೆಯನ್ನು ಬರೆದಳು.

ಇಲ್ಲಿಯೇ ನನ್ನ ಆಕ್ಷೇಪಣೆಯಿರುವುದು. ಆಕೆಯು ನಮ್ಮ ಗದ್ದೆ, ಮದುವೆ, ಸಾಲ, ನ್ಯಾಯಪಂಚಾಯಿತಿ ಎಲ್ಲವನ್ನೂ ವಿಚಾರಿಸಿಕೊಂಡಳು. ಆಕೆಯ ನಾಡಿನ ವಿಷಯವಾಗಿ, ಒಂದು ಜನಾಂಗವನ್ನೇ ಓಡಿಸಿದ ಆ ಘೋರವಾದ ಕಾಲದ ವಿಷಯವಾಗಿ, ನಮ್ಮ ಸೀಮೆಯವರು ಕೇಳಿ ತಿಳಿದು ಕನ್ನಡದಲ್ಲಿ ಬರೆದಿಟ್ಟುದನ್ನು ನಾನು ಕಂಡಿಲ್ಲ. ಇಂದಿಗೂ ಇದೇ ರೀತಿ. ವಿದೇಶದ ವಿದ್ಯಾರ್ಥಿಗಳು ಮಠವೊಂದಕ್ಕೆ ಬಂದರೆ ಹಾರ ಹಾಕುವೆವು, ಪ್ರಸಾದ ಬಡಿಸುವೆವು, ಚಿತ್ರ ತೆಗೆಸಿಕೊಳ್ಳುವೆವು. ಕೊರಳಲ್ಲಿ ಕಟ್ಟಿರುವುದೇನೆಂದು ಅವರು ಕೇಳಿದರೆ ನಮ್ಮ ಬಾಲಕರು ಮುಗುಳ್ನಗುವರು. ಅವರನ್ನು ನಾವು ಕೇಳುವುದಂತೂ ಇಲ್ಲವೇ ಇಲ್ಲ. ಇದು ಆತಿಥ್ಯವಾದೀತು, ವಿನಿಮಯವಾಗಲಾರದು.

ಬೇರೆ ರೀತಿಯಲ್ಲಿ ನಡೆದುದಕ್ಕೂ ನಿದರ್ಶನವುಂಟು. ಸಿರಿಗೆರೆಯ ತರಳಬಾಳು ಜಗದ್ಗುರು ಡಾ॥ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಕಾಶಿಯಲ್ಲಿ ಸಂಸ್ಕೃತವನ್ನು ಅಧ್ಯಯನ ಮಾಡಿ, ೧೯೭೦ರ ದಶಕದಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರಕ್ಕೆ ಹೆಚ್ಚಿನ ಸಂಶೋಧನೆಗಾಗಿ ಬಿಜಯಮಾಡಿದರು. ಎಪ್‌ಸ್ಟೈನ್ ಬಿಟ್ಟು ಓಡಬೇಕಾಗಿ ಬಂದ ನಗರವೇ ಅದು. ಹಿಂದಿರುಗಿದ ಮೇಲೆ ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಗಣಕಯಂತ್ರಕ್ಕೆ ಅಳವಡಿಸಿ ಗಣಕಾಷ್ಟಾಧ್ಯಾಯಿಯನ್ನು ಸಿದ್ಧಪಡಿಸಿದರು. ಕೋಡಿಯ ಮಠದಲ್ಲಿ ಪಾಠವಾಗುತ್ತಿದ್ದ ಪಾಣಿನೀಯವೇ ಇದು. ಸುತ್ತೂರು ಶ್ರೀಮಠದ ವಿದ್ಯಾಪೀಠವು ದುಬಾಯಿಯಲ್ಲಿ ಶಾಲೆಯನ್ನು ನಡೆಸುತ್ತಿರುವುದೂ ಇಲ್ಲಿ ಸ್ಮರಣೀಯ.

ನಮ್ಮ ಊರಿನಲ್ಲಿ ಅಷ್ಟು ದೊಡ್ಡ ಕಾರ್ಯಕ್ಕೆ ಕೈಹಾಕಬೇಕಾದುದಿಲ್ಲ. ನಾಲೆಯ ನೀರು ಮೊದಲು ಬಂದ ಕಾಲದ ಸಂಗತಿಯನ್ನು ಹಿರಿಯರಿಂದ ಕೇಳಿದವರು ಇನ್ನೂ ಮನೆಮನೆಗಳಲ್ಲಿರುವರು. ಮಠದ ಪಾಠಶಾಲೆಯ ಬಾಲಕಬಾಲಕಿಯರು ಅವರ ಬಳಿ ಕುಳಿತು ಅದನ್ನು ಬರೆದುಕೊಳ್ಳಲಿ. ಇಷ್ಟಲಿಂಗದ ವಿಷಯವನ್ನು ಹತ್ತು ವಾಕ್ಯಗಳಲ್ಲಿ ಹೇಳುವುದನ್ನು ಅಭ್ಯಾಸಮಾಡಲಿ. ಮುಂದೆ ವಿದೇಶದ ಅತಿಥಿಗಳು ಬಂದಾಗ, ನಿಮ್ಮ ಅಜ್ಜಿಯು ನಿಮಗೆ ಹೇಳಿದ್ದೇನು, ನಿಮ್ಮ ಊರಿಗೆ ನೀರು ಎಲ್ಲಿಂದ ಬರುವುದು ಎಂದು ಅವರನ್ನೂ ಕೇಳಿ, ಉತ್ತರವನ್ನು ಅದೇ ಪುಸ್ತಕದ ಎದುರು ಪುಟದಲ್ಲಿ ಬರೆದುಕೊಳ್ಳಲಿ.